ಹಣೆಯಳತೆಯ ದಾರ

“ಬ್ಯಾಗ್ ಖೋಲೋ!”

ಬಂಗಾಳದ ಬಾರಾನಗರದಲ್ಲಿದ್ದ ಬೆಂಡಿನ ಅಲಂಕಾರ ಸಾಮಾನಿನ ಕಾರ್ಖಾನೆಯ ಬಾಗಿಲಿಗೆ ಅಡ್ಡ ನಿಂತಿದ್ದ ತನ್ಮಯಿಯ ಕೈಯಲ್ಲಿ ಉದ್ದನೆಯ ಚಾಕು. ಎದುರಿಗಿದ್ದವನ ಚೀಲದ ತುಂಬ ಬೆಂಡಿನ ಚೂರುಗಳು!

“ಅಯ್ಯ ಶಿವನ… ಗುಡಿಸಿ ಒಗಿಯೋದನ್ನ ತಗೊಂಡ್ರ ಕಳ್ಳ ಅಂತಾರಲ್ಲಪಾ!” ಗಾಬರಿಗೆ ಅವನ ಬಾಯಿಂದ ಕನ್ನಡವೇ ಹೊರಬಿತ್ತು.

ಕನ್ನಡ! ಇಲ್ಲಿ! ಒಂದು ಕ್ಷಣ ಅವಳ ಎದೆ ಹಗುರಾಯಿತು. ಮರುಕ್ಷಣ ಹುಬ್ಬು ಗಂಟಿಕ್ಕಿತು. ಕನ್ನಡದವನು ಕಳ್ಳನಾಗಬಾರದೆಂದು ಕಾನೂನಿದೆಯೇ?

“ಬಿಡಮ್ಮಾ, ಇವನು ಪವನ. ಬಿಬಿಡಿ ಬಾಗ್‌ನಲ್ಲಿ ಬ್ಯಾಂಕ್ ಕೆಲಸ. ಭಾನುವಾರ ಬಂದು ಕೆಲಸ ಕಲೀತಾನಂತೆ,” ಒಳಗಿನಿಂದ ಬಂಗಾಳಿಯಲ್ಲಿ ಕೂಗಿದರು ಹಿರಿಯ ಕುಶಲಕರ್ಮಿ ಬದರಿನಾಥ, ಎಲ್ಲರ ಬಾಯಲ್ಲೂ ‘ಕಾಕು’, ಅಂದರೆ ಚಿಕ್ಕಪ್ಪ.

ಅವಳ ಅನುಮಾನಕ್ಕೂ ಕಾರಣವಿತ್ತು ಬಿಡಿ. ಹೋದ ವರ್ಷ ಹೀಗೇ ಒಬ್ಬ ನಯವಾಗಿ ಮಾತಾಡಿ ಫೋಟೋ ತೆಗೆದುಕೊಂಡು ಹೋಗಿದ್ದ. ಎರಡೇ ತಿಂಗಳಿಗೆ ಇಲ್ಲಿನ ಟೋಪರ್, ಅಂದರೆ ಬಂಗಾಳಿ ಮದುಮಗನ ಬಿಳಿ ಕಿರೀಟ, ಎಸ್ಪ್ಲನೇಡಿನ ಅಂಗಡಿಗಳಲ್ಲಿ ಥರ್ಮಾಕೋಲಿನ ನಕಲಾಗಿ ನೇತಾಡುತ್ತಿತ್ತು! ಇಪ್ಪತ್ತು ಹೆಂಗಸರಿದ್ದ ಕಾರ್ಖಾನೆಯಲ್ಲಿ ಈಗ ಒಂಬತ್ತೇ ಜನ. ಇನ್ನೆರಡು ತಿಂಗಳೊಳಗೆ ದೊಡ್ಡ ಆರ್ಡರ್ ಬರದಿದ್ದರೆ ಬೀಗವೇ ಗತಿ. ಕನ್ನಡದ ರೈಲ್ವೆ ನೌಕರನೊಬ್ಬನ ಮಗಳಾಗಿ ಇಲ್ಲೇ ಹುಟ್ಟಿ ಬೆಳೆದ ತನ್ಮಯಿ, ಈ ಕಸುಬನ್ನು ಎತ್ತಿ ನಿಲ್ಲಿಸುತ್ತೇನೆಂದು ಹಟ ತೊಟ್ಟಿದ್ದಳು.

ಪವನ ಪ್ರತಿ ಭಾನುವಾರ ಬಂದ. ಕಾಕುವಿನೊಂದಿಗೆ ಗುಸುಗುಸು ಮಾಡುತ್ತಿದ್ದ. ಅವಳು ಬಂದರೆ ಇಬ್ಬರೂ ಗಪ್‌ಚುಪ್!

ಒಂದು ದಿನ ದಾರ ಹಿಡಿದು ಬಂದ. “ನಿಮ್ಮ ಹಣಿ ಅಳತಿ ತಗೊಳ್ಲೇನ್ರಿ?”

“ಯಾಕೆ?”

“ಸುಮ್ನ…”

ದಾರ ಹಣೆಗೆ ತಾಕಿತು, ಬೆರಳೂ ತಾಕಿತು. ಅವನು ದಾರಕ್ಕೆ ಗಂಟು ಹಾಕಿ ಜೇಬಿಗಿಟ್ಟುಕೊಂಡ.

‘ಸುಮ್ನ ಅಂತೆ! ಇವನನ್ನು ನಂಬಬಾರದು ಕಣೇ…’ ಆದರೂ ಭಾನುವಾರ ಬಂದರೆ ಕಣ್ಣು ಬಾಗಿಲಿಗೇ ಹೋಗುತ್ತಿತ್ತು.

ಗಡುವಿಗೆ ಎರಡು ವಾರ ಉಳಿದಿತ್ತು. ಅವನ ಚೀಲದಿಂದ ಕೊರಿಯರ್ ಡಬ್ಬಿಯೊಂದು ಇಣುಕಿತು. ಧಾರವಾಡದ ಅಂಗಡಿಯ ವಿಳಾಸ. ಮೇಲೆ ‘ಸ್ಯಾಂಪಲ್’ ಎಂದು ಬರೆದಿದೆ! ತೆರೆದಳು. ಬೆಂಡಿನ ಹೂವಿನ ಎರಡು ಪಟ್ಟಿಗಳು.

“ನಮ್ಮ ಟೋಪರ್ ಡಿಸೈನ್ ಕದ್ದು ಕಳಿಸ್ತಿದೀರಾ? ಥೂ!” ಒಂದನ್ನು ಮುಷ್ಟಿಯಲ್ಲೇ ಹಿಚುಕಿದಳು. ಪುಡಿಪುಡಿ!

ಪವನನ ಮುಖ ಬಾಡಿತು. “ಅದು ಟೋಪರ್ ಅಲ್ರಿ… ಬಾಸಿಂಗ. ನಮ್ಮ ಮದುವ್ಯಾಗ ಗಂಡು-ಹೆಣ್ಣಿನ ಹಣಿಗೆ ಕಟ್ತಾರಲ್ಲ!”

ಅಮ್ಮನ ಮದುವೆ ಫೋಟೋ ನೆನಪಾಯಿತು. ಹಣೆಯ ಮೇಲಿನ ಆ ಬಿಳಿ ಪಟ್ಟಿ! ಅದರ ಹೆಸರೂ ಗೊತ್ತಿಲ್ಲದೆ ಬೆಳೆದಿದ್ದಳು ಹುಡುಗಿ.

“ನಮ್ಮ ಚನ್ನಮ್ಮ ಅತ್ತಿ ಮದುವಿ ಸಾಮಾನಿನ ಅಂಗಡಿ ಇಟ್ಟಾರ. ಅಲ್ಲೂ ಈಗ ಥರ್ಮಾಕೋಲ್ ಬಂದೈತಿ. ಬೆಂಡಿಂದು ಚೊಲೋ ಅನಿಸಿದ್ರ ಆರ್ಡರ್ ಕೊಡ್ತೀನಿ ಅಂದಾರ. ಬರಲಿಲ್ಲಂದ್ರ ಹೆಂಗಸರಿಗೆ ಸುಳ್ಳು ಆಸೆ ಬ್ಯಾಡ ಅಂತ ಕಾಕು ಬಾಯಿ ಬಿಡಾಕ ಬಿಡಲಿಲ್ಲ.”

ತನ್ಮಯಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಚಾಕು ಹಿಡಿದು ಕೂತಳು. ಸಂಜೆಯೊಳಗೆ ಅದೇ ಅಳತೆಗೆ ಹೊಸದೊಂದು ಮಾಡಿಕೊಟ್ಟಳು.

“ನನ್ನನ್ನ ಕ್ಷಮಿಸ್ತೀರಾ?”

“ನಂದಕ್ಕಿಂತ ಚೊಲೋ ಆಗೈತಿ,” ಎಂದ ಅವನು, ಮೆಲ್ಲಗೆ.

ಮುಂದಿನ ಭಾನುವಾರ ಚನ್ನಮ್ಮನವರ ಫೋನ್ ಬಂತು. ಮುನ್ನೂರು ಜೋಡಿ! ಒಂಬತ್ತು ಹೆಂಗಸರೂ ಮದುವೆ ಮನೆಯಂತೆ ನಾಲಗೆ ಆಡಿಸಿ ‘ಉಲು’ ಎಂಬ ಮಂಗಳಧ್ವನಿ ಎಬ್ಬಿಸಿದರು. ಕಾಕು ಕಣ್ಣೊರೆಸಿಕೊಂಡರು.

“ಇನ್ನೂ ಅನುಮಾನ ಐತೇನ್ರಿ?” ಪವನ ನಕ್ಕ.

“ಒಂದಿದೆ. ಅಷ್ಟು ಹೆಂಗಸರಿದ್ರಲ್ಲ… ನನ್ನ ಹಣೆ ಅಳತೇನೇ ಯಾಕೆ?”

ಅವನ ನಗು ನಿಂತಿತು. “ಬ್ಯಾರೆ ಯಾರ ಹಣಿ ಮ್ಯಾಲೂ ಅದನ್ನ ನೆನಸಾಕ ಆಗಲಿಲ್ರಿ. ನೀವಂದ್ರ ನನಗ ಜೀವ.”

ತನ್ಮಯಿ ಬುಟ್ಟಿಯಿಂದ ಹೊಸ ದಾರ ಎಳೆದು ಅವನ ಹಣೆಗಿಟ್ಟಳು.

“ಏನ್ ಮಾಡಾಕತ್ತೀರಿ?”

“ಸುಮ್ನೆ…” ಎಂದಳು, ಗಂಟು ಹಾಕುತ್ತ.