ಲಕ್ಕಮ್ಮನ ಬಾಯಿ ಕಟ್ಟಿದ ಪ್ಲೇಟು

"ಆ ಪ್ಲೇಟಿಗೆ ಕೈ ಹಾಕ್ಬೇಡ ಕಣಮ್ಮಿ, ದನಿ ಹೋಗ್ತದೆ," ಎಂದು ಅತ್ತೆ ಮುನಿತಾಯಮ್ಮ ಹೇಳಿದಾಗ ಭಾಗ್ಯಮ್ಮ ನಕ್ಕುಬಿಟ್ಟಳು. ಮದುವೆಯಾಗಿ ಇನ್ನೂ ಹದಿನೈದು ದಿನ. ಹೊಸಕೋಟೆ ಕಡೆಯ ಹೆಣ್ಣು. ಅಲ್ಲಿನ ಮದುವೆ ಮನೆಗಳಲ್ಲಿ ಸೋಬಾನೆ ಹಾಡಲು ಅವಳೇ ಆಗಬೇಕು. ದನಿ ಹೋಗುತ್ತದಂತೆ, ದನಿ!

ಎಪ್ಪತ್ತೊಂದನೇ ಇಸವಿಯ ಮಾತು. ಮಾಕಳಿದುರ್ಗದ ತಪ್ಪಲಿನ ಆ ಊರಿನಲ್ಲಿ ಅವಳ ಗಂಡ ಸಂಜೀವಪ್ಪನದು ಮೈಕ್ ಸೆಟ್ಟಿನ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲೇ ಹಾರ್ನು, ವೈರು, ಮಗ್ಗುಲಿಗೊಂದೇ ಹಾಡಿರುವ ಸಣ್ಣ ಗ್ರಾಮಫೋನ್ ಪ್ಲೇಟುಗಳ ರಾಶಿ. ತಳದಲ್ಲಿ ಮಾತ್ರ ಕಪ್ಪು ದಾರ ಸುತ್ತಿದ ಒಂದು ದೊಡ್ಡ ಪ್ಲೇಟು. ಹೊದಿಕೆಯ ಮೇಲೆ, ಹಣೆಗೆ ಮುತ್ತಿನ ಪಟ್ಟಿ ಕಟ್ಟಿದ, ಯಾರಿಗೂ ಹೆದರದ ಕಣ್ಣಿನ ಕರಿಯ ಹೆಂಗಸು. ಐವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಹಾಡಿದವಳಂತೆ. ಆ ಹಾಡಿಗೆ ಬ್ಲೂಸ್ ಅನ್ನುತ್ತಾರಂತೆ. ಕೋಳಿ ಸಾಕಣೆ ಕಲಿಸಲು ಬಂದಿದ್ದ ಬಿಳಿ ಹುಡುಗಿಯೊಬ್ಬಳು ಊರು ಬಿಡುವಾಗ ಅದನ್ನೂ, ಅದನ್ನು ಹಾಕಿ ಕೇಳುವ ಸೂಟ್‌ಕೇಸಿನಂಥ ಕರೆಂಟಿನ ಪೆಟ್ಟಿಗೆಯನ್ನೂ ಸಂಜೀವಪ್ಪನ ಮೊದಲ ಹೆಂಡತಿ ಲಕ್ಕಮ್ಮನಿಗೆ ಕೊಟ್ಟು ಹೋಗಿದ್ದಳು.

ಲಕ್ಕಮ್ಮ ಒಲೆಯ ಮೇಲಿನ ಎಸರು ಮರೆತು ಆ ಪ್ಲೇಟಿಗೆ ದನಿಗೂಡಿಸುತ್ತಿದ್ದಳು. ಮನೆ ಸೊಸೆ ಹೀಗೆ ಗಂಟಲೆತ್ತುವುದೇ? ಮುನಿತಾಯಮ್ಮನ ಹೊಟ್ಟೆ ಉರಿಯಿತು. ಬಾಯಿ ಕಟ್ಟುವುದರಲ್ಲಿ ಪಳಗಿದ್ದ ಮಂತ್ರವಾದಿ ಚಿಕ್ಕವೆಂಕಟಪ್ಪನನ್ನು ಕರೆಸಿದಳು. ಅವನು ಪ್ಲೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಾಡು ನಡೆಯುವಷ್ಟು ಹೊತ್ತೂ ದಾರಕ್ಕೆ ಗಂಟು ಹಾಕಿದ. ಹಾಡು ಮುಗಿಯಿತು, ಮುಳ್ಳು ಎತ್ತಿಸಿದ, ಕೂಲಿಯ ಹುಂಜ ಹಿಡಿದುಕೊಂಡು ಹೊರಟ. ಮಾರನೆಯ ದಿನ ಹಾಡುತ್ತಿದ್ದ ಲಕ್ಕಮ್ಮನ ದನಿ ಅರ್ಧಕ್ಕೇ ನಿಂತಿತು. ಸಂಜೀವಪ್ಪ ಹೆದರಿ ಮುಳ್ಳು ಎತ್ತಿದ, ಆ ಗಂಟಿನ ದಾರವನ್ನೇ ಪ್ಲೇಟಿಗೆ ಸುತ್ತಿ ರಾಶಿಯ ತಳಕ್ಕೆ ತಳ್ಳಿದ. ಮೂಗಿಯಾದ ಅವಳನ್ನು ಸಾಸಲಿನ ತವರಿಗೆ ಕಳಿಸಿ ಆರು ವರ್ಷ. ಇಷ್ಟನ್ನೂ ಅತ್ತೆ ಒಂಚೂರೂ ನಾಚದೆ ಹೇಳಿದಳು.

ಭಾಗ್ಯಮ್ಮನ ನಗು ಅಲ್ಲೇ ಇಂಗಿತು. ಮಾಟವನ್ನು ಅವಳು ನಂಬಲಿಲ್ಲ. ಹಾಡಿದ್ದಕ್ಕೆ ಬಾಯಿ ಕಟ್ಟಿಸಬೇಕೆನ್ನುವ ಮನಸ್ಸನ್ನು ನಂಬಿದಳು. ಮೈಯೆಲ್ಲ ಉರಿದುಹೋಯಿತು.

ಮಟಮಟ ಮಧ್ಯಾಹ್ನ. ಅಂಗಡಿಯ ಬಾಗಿಲು ಹಾಕಿ ಬಲ್ಬು ಹಚ್ಚಿದಳು. ದಾರ ಕತ್ತರಿಸಿದಾಗ ಸುಟ್ಟ ಕೂದಲಿನ, ಕೊಳೆತ ನಿಂಬೆಯ ವಾಸನೆ ಎದ್ದಿತು. ಮುಳ್ಳು ಇಟ್ಟಳು. ಕರಕರ ಸದ್ದು, ಆಮೇಲೆ ದನಿ. ಎದೆಯ ತಳದಿಂದ ಬಂದ ಒರಟು ದನಿ. ಅತ್ತರೂ ಯಾರ ಮುಂದೆಯೂ ಬಗ್ಗದ ದನಿ. ಮಾತು ಒಂದೂ ತಿಳಿಯಲಿಲ್ಲ, ಗೋಳು ತಿಳಿಯಿತು. ಭಾಗ್ಯಮ್ಮ ದನಿಗೂಡಿಸಿದಳು.

ಬಲ್ಬು ಆರಿತು. ಕರೆಂಟು ಹೋಗಿತ್ತು. ಪ್ಲೇಟು ನಿಲ್ಲಲಿಲ್ಲ.

ಕತ್ತಲಲ್ಲಿ ಹಾಡು ನಡೆದೇ ಇತ್ತು. ನಾಲಿಗೆಯ ಮೇಲೆ ಏನೋ ಹರಿದಾಡಿತು. ದಾರದ ಎಳೆ. ಗಂಟಲಲ್ಲಿ ಒಂದು ಗಂಟು ಬಿಗಿಯಿತು. ಇನ್ನೊಂದು. ಮತ್ತೊಂದು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಉಸಿರೂ ಇರಲಿಲ್ಲ.

ಬಾಗಿಲು ಒದ್ದುಕೊಂಡು ಸಂಜೀವಪ್ಪ ಬಂದ. ಹಿಂದೆಯೇ ಅತ್ತೆ.

"ಎತ್ತೋ ಮುಳ್ಳು," ಎಂದಳು ಮುನಿತಾಯಮ್ಮ.

ಅವನು ಕೈ ಚಾಚಿದ. ಬಾಗಿಲ ಬೆಳಕು ಪ್ಲೇಟಿನ ಮೇಲೆ ಬಿತ್ತು. ಭಾಗ್ಯಮ್ಮನಿಗೆ ಕಂಡಿತು: ಈ ಹಾಡು ಮುಗಿಯುವಲ್ಲಿ ನುಣುಪಾದ ಸಣ್ಣ ಪಟ್ಟೆ. ಅದರಾಚೆ ಇನ್ನೊಂದು ಹಾಡು. ಅದರಾಚೆ ಮತ್ತೊಂದು. ಮಗ್ಗುಲಿಗೆ ಆರು ಹಾಡು! ಚಿಕ್ಕವೆಂಕಟಪ್ಪ ಹುಟ್ಟಿದಾಗಿನಿಂದ ನೋಡಿದ್ದು ಸಣ್ಣ ಪ್ಲೇಟು. ಇದಕ್ಕೂ ಮಗ್ಗುಲಿಗೊಂದೇ ಹಾಡೆಂದು ತಿಳಿದು ಹಾಕಿದ ಅವನ ಕಟ್ಟು ಮೊದಲ ಹಾಡಿಗೇ ಮುಗಿದಿತ್ತು. ಹೆದರಿದವರು ಎರಡನೆಯದನ್ನು ಯಾವತ್ತು ಕೇಳಿದ್ದರು?

ಗಂಡನ ಮಣಿಕಟ್ಟು ಹಿಡಿದಳು. ಅವನು ಎಳೆದ. ಬಿಡಲಿಲ್ಲ. ಉಗುರು ನಾಟಿತು. ಬಿಡಲಿಲ್ಲ. ಕಣ್ಣು ಕಪ್ಪಾಯಿತು. ಬಿಡಲಿಲ್ಲ. ಹಾಡು ಮುಗಿಯಿತು. ಕರಕರ. ಕರಕರ.

ಎರಡನೇ ಹಾಡು ಎದ್ದಿತು.

ಗಂಟು ಸಡಿಲಿತು. ಕೆಮ್ಮಿದಳು, ರಕ್ತದ ಜೊತೆ ಮೊಳದುದ್ದದ ಕಪ್ಪು ದಾರ ನೆಲಕ್ಕೆ ಬಿತ್ತು. ನೋಡುವಷ್ಟರಲ್ಲಿ ಆ ದಾರ ಅಲ್ಲಿರಲಿಲ್ಲ. ಬಾಗಿಲಲ್ಲಿ ಮುನಿತಾಯಮ್ಮ ಗಂಟಲು ಹಿಡಿದುಕೊಂಡು ನಿಂತಿದ್ದಳು. ತುಟಿ ಆಡುತ್ತಿತ್ತು, ಸದ್ದಿರಲಿಲ್ಲ.

"ಏನತ್ತೆ?" ಎಂದ ಭಾಗ್ಯಮ್ಮನಿಗೆ ತನ್ನ ದನಿ ಕೇಳಿ ತಾನೇ ಎದೆ ಝಲ್ಲೆಂದಿತು. ದಪ್ಪ, ಒರಟು. ಸೋಬಾನೆಯ ಆ ತೆಳು ದನಿ ಮತ್ತೆಂದೂ ಬರಲಿಲ್ಲ. ಅದಕ್ಕಾಗಿ ಒಂದು ದಿನ ಅತ್ತಳು.

ಭಾನುವಾರ ಪೆಟ್ಟಿಗೆ ಹೊತ್ತು ಸಾಸಲಿನ ಬಸ್ಸು ಹತ್ತಿದಳು. ಮೊದಲ ಹಾಡಿನುದ್ದಕ್ಕೂ ಲಕ್ಕಮ್ಮ ಗಡಗಡ ನಡುಗಿದಳು. ಭಾಗ್ಯಮ್ಮ ತಬ್ಬಿಕೊಂಡೇ ಕೂತಳು. ಎರಡನೆಯದರ ನಡುವೆ ಲಕ್ಕಮ್ಮ ನೀರು ಕೇಳಿದಳು. ಆರು ವರ್ಷಕ್ಕೆ ಮೊದಲ ಮಾತು ಅದು.

ಈಗ ಭಾಗ್ಯಮ್ಮ ಆ ಒರಟು ದನಿಯಲ್ಲೇ ಹಾಡುತ್ತಾಳೆ. ಕರೆಯುವವರು ಕರೆಯಲಿ, ಬಿಡುವವರು ಬಿಡಲಿ. ದಿನವೂ ಉಂಡಾದ ಮೇಲೆ ಅತ್ತೆಯ ಮುಂದೆ ಪೆಟ್ಟಿಗೆ ತಂದಿಡುತ್ತಾಳೆ.

"ಒಂದು ಹಾಡು ತಡ್ಕೊಳ್ಳಿ ಅತ್ತೆ. ಎರಡನೇದು ಬಂದ್ರೆ ಬಿಟ್ಟೋಗ್ತದೆ. ನಾನೇ ಕೈ ಹಿಡ್ಕೊಂಡು ಕೂತ್ಕೋತೀನಿ."

ಕರಕರ ಸದ್ದು ಕೇಳಿದ ಕೂಡಲೇ ಮುನಿತಾಯಮ್ಮ ಕಿವಿ ಮುಚ್ಚಿಕೊಂಡು ಕೊಟ್ಟಿಗೆಗೆ ಓಡುತ್ತಾಳೆ. ಭಾಗ್ಯಮ್ಮ ಮುಳ್ಳು ಎತ್ತುವುದಿಲ್ಲ. ಆರೂ ಹಾಡು ಮುಗಿಯುವವರೆಗೆ ಹಾಡುತ್ತಾಳೆ.