ಅಸೆಟ್ ಸ್ಟಿಕ್ಕರ್ ಬಿದ್ದ ಪೆಟ್ಟಿಗೆ

ಕಥೆ ಹೇಳುವಷ್ಟು ಕಲಿತವಳಲ್ಲ ನಾನು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದೇನೆ, ಅಷ್ಟೇ. ತಪ್ಪಿದ್ದರೆ ಕ್ಷಮಿಸಿ. ಆದರೂ ಇದನ್ನು ಹೇಳದೆ ಇರಲಾಗುತ್ತಿಲ್ಲ.

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಸ್ಟೋರ್ಸ್ ಕ್ಲರ್ಕ್. ವರ್ಷಕ್ಕೊಮ್ಮೆ ಹೊಲಿಗೆ ಮಷಿನ್ನಿನಿಂದ ಫ್ಯಾನಿನವರೆಗೆ ಕಂಪನಿಯ ಪ್ರತಿ ವಸ್ತುವಿಗೂ ‘ಅಸೆಟ್’ ಎಂಬ, ನಂಬರಿರುವ ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ. ಈ ಸಲ ಅಂಟಿಸುವಾಗ ಮೆಕ್ಯಾನಿಕ್ ಶ್ರೀಶೈಲ ಪಕ್ಕದಲ್ಲೇ ಕೂತು ಮಷಿನ್ ರಿಪೇರಿ ಮಾಡುತ್ತಿದ್ದರು. ತಲೆ ಎತ್ತಿ ನಕ್ಕರು. ಆ ನಗು ನೋಡುತ್ತಲೇ ಅವರ ಸ್ವಂತ ಟೂಲ್ ಪೆಟ್ಟಿಗೆಗೂ ಒಂದು ಅಂಟಿಸಿಬಿಟ್ಟೆ. ನನಗದು ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಅವರು ಕೆಲಸ ಬಿಡುವ ದಿನ. ಮರುದಿನದಿಂದ ಅವರು ಕೆಂಗೇರಿಯ ಬೇರೊಂದು ಕಂಪನಿಗೆ. ಅವರಿಗೆ ಒಂದು ಮಾತು ಹೇಳಬೇಕೆಂದು ಬೆಳಗಿನಿಂದ ಎರಡು ಸಲ ಅವರಿದ್ದಲ್ಲಿಗೆ ಹೋಗಿ, ಹೇಳದೆ ವಾಪಸ್ ಬಂದಿದ್ದೆ. ಅಷ್ಟರಲ್ಲಿ ಗೇಟಿನಿಂದ ಸೆಕ್ಯುರಿಟಿ ಕೊಟ್ರಪ್ಪಣ್ಣನ ಫೋನ್: ಕಂಪನಿ ಪೆಟ್ಟಿಗೆ ಹೊರಗೆ ಹೋಗುತ್ತಿದೆ, ತಡೆದಿದ್ದೇನೆ. ಓಡಿದೆ.

“ಯಾಕ್ರೀ ಮೇಡಂ, ನನ್ನ ಪೆಟ್ಟಿಗೀನೂ ಕಂಪನಿಗೆ ಬರದು ಕೊಟ್ರಿ?” ಶ್ರೀಶೈಲ ಕೇಳಿದರು. ಹುಬ್ಬು ಗಂಟಿಕ್ಕಿದ್ದರೂ ತುಟಿಯ ತುದಿ ನಗುತ್ತಿತ್ತು.

“ತಪ್ಪಾಯ್ತು. ಈಗ್ಲೇ ಕಿತ್ತಾಕ್ತೀನಿ.”

“ಕಿತ್ತರ ನಡಿಯಂಗಿಲ್ಲ, ರಿಜಿಸ್ಟರ್‌ನಾಗ ನಂಬರ್ ಐತಿ. ಗೇಟ್ ಪಾಸ್ ಬೇಕು,” ಎಂದ ಕೊಟ್ರಪ್ಪಣ್ಣ ಪಾಸಿನ ಪುಸ್ತಕ ಹುಡುಕತೊಡಗಿದ.

“ಅಲ್ಲೀತನಕ ಅಸೆಟ್ ಅಂದ್ರ ಏನು, ಅದನ್ನಾದ್ರೂ ಹೇಳ್ರಿ,” ಎಂದರು ಶ್ರೀಶೈಲ.

ಗಾಬರಿಯಾದರೆ ನಾನು ಪಾಠ ಒಪ್ಪಿಸುತ್ತೇನೆ. “ಹಳೇ ಫ್ರೆಂಚಲ್ಲಿ ‘ಸಾಕಷ್ಟು’ ಅಂತ. ಸತ್ತವ್ರು ಬಿಟ್ಟುಹೋಗಿದ್ದು ಅವ್ರ ಸಾಲಕ್ಕೆ ಸಾಕಾ ಅಂತ ಕೋರ್ಟಲ್ಲಿ ನೋಡೋರಂತೆ. ಮೊದ್ಲು ‘ಅಸೆಟ್ಸ್’ ಅನ್ನೋದೇ ಪದ. ಜನ ಅದನ್ನ ಬಹುವಚನ ಅಂದ್ಕೊಂಡು ಬಾಲದ ‘ಸ್’ ಕತ್ತರಿಸಿದ್ರು. ನಮ್ಮ ಮೇಷ್ಟ್ರು ಹೇಳಿದ್ದು.”

“ಸತ್ತವ್ರದ್ದಾತು. ಬದುಕಿದ್ದವ್ರಿಗೆ ಸಾಕಾಗೇತೋ ಇಲ್ಲೋ, ಯಾರ್ ನೋಡ್ತಾರ್ರೀ?” ಅವರು ಪೆಟ್ಟಿಗೆಯ ಮೇಲೆ ಬೆರಳಾಡಿಸಿದರು. “ಊರಿಂದ ಬಂದಾಗ ನನಗ ಇದೊಂದೇ ಸಾಕಾಗಿತ್ತು. ನೀವು ಸ್ಟೋರ್ಸಿಗೆ ಬಂದ ಮ್ಯಾಲೆ ಸಾಕಾಗವಲ್ದು.”

ನನ್ನ ಕಿವಿ ಬಿಸಿಯಾಯಿತು. ನೋಡಲು ಬೇರೇನೂ ಸಿಗದೆ ಅವರ ಅಂಗಿಯ ಮೇಲಿನ ಎಣ್ಣೆ ಕಲೆಯನ್ನು ನೋಡಿದೆ.

ಕೊಟ್ರಪ್ಪಣ್ಣ ಪುಸ್ತಕ ತಂದಿಟ್ಟ. “ಬರೀರಿ ಮೇಡಂ. ರಿಟರ್ನಬಲ್ಲೋ, ನಾನ್ ರಿಟರ್ನಬಲ್ಲೋ?”

ಸ್ವಂತ ವಸ್ತು ವಾಪಸ್ ಬರಬೇಕಾಗಿಲ್ಲ, ಅದು ‘ನಾನ್ ರಿಟರ್ನಬಲ್’. ನಿಯಮ ನನಗೆ ಬಾಯಿಪಾಠ. ಮೂರು ವರ್ಷದಲ್ಲಿ ಒಂದು ಪಾಸನ್ನೂ ತಪ್ಪು ಬರೆದವಳಲ್ಲ. ‘ರಿಟರ್ನಬಲ್’ ಎಂದಿರುವಲ್ಲಿ ಟಿಕ್ ಹಾಕಿ, ತಾರೀಖಿನ ಜಾಗದಲ್ಲಿ ‘ಭಾನುವಾರ’ ಎಂದು ಬರೆದೆ.

ಶ್ರೀಶೈಲ ಬಗ್ಗಿ ಓದಿದರು. “ಐತವಾರ ಫ್ಯಾಕ್ಟರಿ ಸೂಟಿ ಅಲ್ಲೇನ್ರೀ?”

“ಬೆಳಿಗ್ಗೆ ಹತ್ತಕ್ಕೆ ಅತ್ತಿಗುಪ್ಪೆ ಮೆಟ್ರೋ ಹತ್ರ ತನ್ನಿ. ನಾನೇ ಚೆಕ್ ಮಾಡ್ಕೋತೀನಿ.”

“ಪೆಟ್ಟಿಗೀನೋ, ನನ್ನನ್ನೋ?”

“ಪೆಟ್ಟಿಗೆ ರೂಮಲ್ಲೇ ಬಿಟ್ಟು ಬಂದ್ರೂ ನಡಿಯತ್ತೆ.”

“ನಾ ಏನೂ ಓದಿಲ್ರೀ ಮೇಡಂ,” ಎಂದು ಕೊಟ್ರಪ್ಪಣ್ಣ ಸೀಲು ಒತ್ತಿದ.

ಭಾನುವಾರ ಅವರು ಬರಿಗೈಯಲ್ಲಿ ಬಂದರು, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ. ನಾನು ಇನ್ನೂ ಮೊದಲು ಬಂದಿದ್ದೆ. ಮಧ್ಯಾಹ್ನದವರೆಗೆ ಮಾತಾಡಿದೆವು, ಮದುವೆಯ ಮಾತೂ ಬಂತು, ಇಬ್ಬರೂ ಹೂಂ ಅಂದೆವು. ನಮ್ಮಪ್ಪ ಏನನ್ನುತ್ತಾರೋ, ಅವರ ಅವ್ವ ಏನನ್ನುತ್ತಾರೋ, ನನಗಿನ್ನೂ ಗೊತ್ತಿಲ್ಲ.