ನನ್ನ ಮದುವೆಗೆ ನಂದೇ ಅಡ್ಡಿ

ಕೈಯಲ್ಲಿ ಮಾತಾಡೋರನ್ನ ಕಂಡು ಹೊಟ್ಟೆ ಉರ್ಕೊಳ್ಳೋಳು ಇಡೀ ಮೂಡಿಗೆರೆಗೆ ನಾನೊಬ್ಬಳೇ ಇರಬೇಕು.

ಬೆನೆಟ್ ನಾನು ಮದುವೆ ಆಗೋ ಹುಡುಗ. ವಾರವೆಲ್ಲ ಎಸ್ಟೇಟ್‌ಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್ ರಿಪೇರಿ, ಶನಿವಾರ ಬಂತೋ ಕಳಸಕ್ಕೆ ಹೊರಟ. ಅಲ್ಲಿ ತೋಟದ ಕೂಲಿಯವರ ಲೈನ್‌ಮನೆಗಳ ಕಿವಿ ಕೇಳದ ಮಕ್ಕಳಿಗೆ ಸನ್ನೆ ಭಾಷೆ, ಓದು ಕಲಿಸ್ತಾನೆ. "ದೇವರು ನನ್ನನ್ನ ಹುಟ್ಟಿಸಿದ್ದೇ ಇದಕ್ಕೆ ಅನ್ಸತ್ತೆ ಪ್ರಮೀಳಾ," ಅಂತಾನೆ. ಆಗ ಅವನ ಕಣ್ಣು ನೋಡ್ಬೇಕು! ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳಿದಾಗಲೂ ಅಷ್ಟು ಹೊಳೆದಿರಲಿಲ್ಲ.

ದೇವರ ಮೇಲೆ ಹೊಟ್ಟೆಕಿಚ್ಚು ಪಡೋಕಾಗತ್ತಾ? ನಾನು ಪಟ್ಟೆ. ಸಾಲದ್ದಕ್ಕೆ ನಾಗಶ್ರೀ ಬೇರೆ. ಕಳಸದಲ್ಲಿ ಟೈಲರಿಂಗ್ ಮಾಡ್ತಾಳೆ, ಹುಟ್ಟಿನಿಂದ ಕಿವಿ ಕೇಳಲ್ಲ, ಇವನಿಗೆ ಸನ್ನೆ ಕಲಿಸಿದವಳೇ ಅವಳು. ಅವಳ ಬೆರಳು ಆಡ್ತಿದ್ರೆ ಇವನು ಹುಬ್ಬು ಹಾರಿಸ್ತಾನೆ, ತುಟಿ ಕಚ್ಚಿ ನಗ್ತಾನೆ. ಏನು ಅಂತ ಕೇಳಿದ್ರೆ, "ಏನಿಲ್ಲ ಮಾರಾಯ್ತಿ."

ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಲ್ಲಿ ಎಲ್ಲರೆದುರು ಪ್ರಕಟಣೆ ಮಾಡ್ತಾರೆ; ಆ ಭಾನುವಾರ ನಮ್ಮದು ಮೂರನೇದು, ಅದೇ ಕೊನೇದು. ನೋಡೋಕೆ ಅಂತ ನಾಗಶ್ರೀನೂ ಬಂದು ಮುಂದಿನ ಬೆಂಚಲ್ಲಿ ಕೂತಿದ್ದಳು. ಬೆನೆಟ್ ಅವಳೆದುರು ನಿಂತು ಪಾಸ್ಟರ್ ಹೇಳಿದ್ದನ್ನೆಲ್ಲ ಕೈಯಲ್ಲಿ ಹೇಳ್ತಿದ್ದ.

"ಈ ಮದುವೆಗೆ ಯಾರದ್ದಾದರೂ ಅಡ್ಡಿ ಇದ್ದರೆ ತಿಳಿಸಬೇಕು," ಅಂದರು ಪಾಸ್ಟರ್.

ಅವಳು ಬೆನೆಟ್‌ಗೆ ಏನೋ ಸನ್ನೆ ಮಾಡಿ ಕಣ್ಣು ಹೊಡೆದಳು. ಇವನು ನಕ್ಕ. ಸಾಕಾಯ್ತು ನಂಗೆ. ಎದ್ದು ನಿಂತೆ.

"ನಂದೇ ಅಡ್ಡಿ ಇದೆ."

ಇಡೀ ಸಭೆ ತಿರುಗಿ ನೋಡಿತು. ಅಮ್ಮ ನನ್ನ ಸೆರಗು ಹಿಡಿದು ಎಳೆದಳು.

"ಇವನಿಗೆ ದೇವರ ಕೆಲಸ ಇದೆ, ಮಾತಾಡೋಕೆ ಅವಳಿದ್ದಾಳೆ. ನಾನು ಯಾತಕ್ಕೆ? ನನ್ನೆದುರೇ ಗುಟ್ಟಾಡೋರ ಮಧ್ಯೆ ನಾನು ಬಾಳಲ್ಲ!" ಅಳು ಬಂದುಬಿಡ್ತು.

ಬೆನೆಟ್ ಬಿಳಿಚಿಕೊಂಡ. ಆದರೂ ನಾನಂದಿದ್ದನ್ನೆಲ್ಲ ಒಂದಕ್ಷರ ಬಿಡದೆ ನಾಗಶ್ರೀಗೆ ಹೇಳಿದ. ಅವಳು ನಗು ನಿಲ್ಲಿಸಿ ಸರಸರ ಕೈಯಾಡಿಸಿದಳು. ಇವನ ಕಿವಿ ಕೆಂಪಾಯ್ತು.

"ಏನಂದ್ಳು? ಜೋರಾಗಿ ಹೇಳು," ಅಂದೆ.

"'ಶನಿವಾರ ಪೂರ್ತಿ ನಿನ್ನ ಸುದ್ದಿ ಹೇಳಿ ನನ್ನ ತಲೆ ತಿಂತಾನೆ. ಈಗ ಕೈ ನಡುಗ್ತಿದೆಯಲ್ಲೋ ಅಂತ ರೇಗಿಸಿದೆ, ಅಷ್ಟೇ. ನಿನಗಿಟ್ಟ ಸನ್ನೆ ಹೆಸರು ಇವನು ಹೇಳಿಲ್ವಾ?' ಅಂತಾಳೆ."

"ಯಾವ ಹೆಸರು?"

ಅವನು ತೋರುಬೆರಳಿಂದ ತನ್ನ ಮೂಗಿನ ತುದಿ ತಟ್ಟಿದ. "ನಿನ್ನ ಕೋಪ ಇಲ್ಲೇ ಇರತ್ತಲ್ಲ. ಮಕ್ಕಳೆಲ್ಲ ನಿನ್ನ ಹೀಗೇ ಕರೀತಾರೆ, ಯಾವಾಗ ಬರ್ತಾಳೆ ಅಂತ ಕೇಳ್ತಾರೆ. ದೇವರು ನಂಗೆ ಕೊಟ್ಟ ಭಾರ ನಿನ್ನ ಮೇಲೆ ಯಾಕೆ ಅಂತ ನಾನೇ ಕರೀಲಿಲ್ಲ. ಆ ಕೆಲಸ ಬಿಡಲ್ಲ ಪ್ರಮೀಳಾ. ನಿನ್ನ ಬಿಟ್ಟಿರೋಕೂ ಆಗಲ್ಲ."

"ಅಡ್ಡಿ ಉಂಟೋ ಇಲ್ವೋ ಅಮ್ಮಾ?" ಪಾಸ್ಟರ್ ಕೇಳಿದರು.

ನಾನು ನಾಗಶ್ರೀ ಹತ್ತಿರ ಹೋದೆ. "ಇನ್ಮೇಲೆ ಶನಿವಾರ ನಾನೂ ಬರ್ತೀನಿ. 'ಅಡ್ಡಿ ಇಲ್ಲ' ಅನ್ನೋದು ಹೇಗೆ, ಕೇಳು ಇವಳನ್ನ," ಅಂದೆ ಬೆನೆಟ್‌ಗೆ. ಅವಳು ನನ್ನ ಕೈ ಹಿಡಿದು ಕಲಿಸಿದಳು. ಸಭೆಯ ಮುಂದೆ ಹಾಗೇ ಮಾಡಿ ತೋರಿಸಿದೆ.

"ಏನಂದ್ಳಪ್ಪ?" ಅಂದರು ಪಾಸ್ಟರ್. "ಅಡ್ಡಿ ಇಲ್ವಂತೆ," ಅನ್ನೋಷ್ಟರಲ್ಲಿ ಬೆನೆಟ್ ಕಣ್ಣಲ್ಲಿ ನೀರು. ನಾಗಶ್ರೀ ತನ್ನ ಕರ್ಚೀಫ್ ಚಾಚಿದಳು.

ನಾನು ಅದನ್ನ ಕಸ್ಕೊಂಡು, ನಾನೇ ಅವನ ಕಣ್ಣೊರೆಸಿದೆ.